ಮಡಿಕೇರಿಗೆ ಮೇಯರ್ ಇದ್ದಾರಾ? ನಗರಸಭೆ ಅಧ್ಯಕ್ಷರ ಹಾದಿ, ಅಧಿಕಾರ, ಅವಧಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯ ಮೇಯರ್ ಯಾರು?

ಮಡಿಕೇರಿಗೆ ಮೇಯರ್ ಇಲ್ಲ. ಕೊಡಗಿನ ಯಾವ ಊರಿಗೂ ಇಲ್ಲ. ಮೇಯರ್ ಅಥವಾ ಮಹಾಪೌರ ಎಂಬ ಹುದ್ದೆ ಇರುವುದು ಮಹಾನಗರ ಪಾಲಿಕೆಗಳಲ್ಲಿ. ಉದಾಹರಣೆಗೆ, ಘಟ್ಟ ಇಳಿದರೆ ಮಂಗಳೂರು (60 ವಾರ್ಡ್), ಕುಶಾಲನಗರ ದಾಟಿ ಹೋದರೆ ಮೈಸೂರು (65 ವಾರ್ಡ್). ಮಡಿಕೇರಿಯದು 23 ವಾರ್ಡಿನ ನಗರಸಭೆ, ಅದರ ಮುಖ್ಯಸ್ಥರು ಅಧ್ಯಕ್ಷರು. ಕುಶಾಲನಗರ ಮತ್ತು ವಿರಾಜಪೇಟೆಯಲ್ಲಿ ಪುರಸಭೆ, ಸೋಮವಾರಪೇಟೆಯಲ್ಲಿ ಪಟ್ಟಣ ಪಂಚಾಯಿತಿ. ಅಲ್ಲೂ ಅಧ್ಯಕ್ಷರೇ. ಹೊರಗಿನಿಂದ ಬಂದು ನೆಲೆಸಿದವರು ‘ಮಾನ್ಯ ಮೇಯರ್‌ರವರಿಗೆ’ ಎಂದು ಅರ್ಜಿ ಬರೆದು ತರುವುದುಂಟು. ಹಾಗೆ ಬರೆದರೂ ಅರ್ಜಿ ನಡೆಯುತ್ತದೆ.

ಜಿಲ್ಲಾ ಕೇಂದ್ರ ಅಲ್ಲವೇ, ಪಾಲಿಕೆ ಯಾಕಾಗಲಿಲ್ಲ?

ಜನಸಂಖ್ಯೆ ಸಾಲದು. ಪಾಲಿಕೆ ಆಗಬೇಕಾದರೆ 1976ರ ಪಾಲಿಕೆಗಳ ಕಾಯ್ದೆಯಂತೆ ಕನಿಷ್ಠ 3 ಲಕ್ಷ ಜನ ಬೇಕು. 2011ರ ಜನಗಣತಿಯಲ್ಲಿ ಮಡಿಕೇರಿಯ ಲೆಕ್ಕ 33 ಸಾವಿರ ಚಿಲ್ಲರೆ. ಇಡೀ ಕೊಡಗು ಜಿಲ್ಲೆಯದ್ದೇ 5,54,519. ಅಂದರೆ ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಜನರನ್ನು ಒಂದೇ ಊರಿಗೆ ತಂದು ಕೂರಿಸಿದರೆ ಮಾತ್ರ ಇಲ್ಲಿ ಮೇಯರ್!

ನಿಜ ಹೇಳಬೇಕೆಂದರೆ ನಗರಸಭೆಗೂ ನಮ್ಮ ಸಂಖ್ಯೆ ಕಡಿಮೆಯೇ. 1964ರ ಪೌರಸಭೆಗಳ ಕಾಯ್ದೆಯಲ್ಲಿ ಪಟ್ಟಣ ಪಂಚಾಯಿತಿಗೆ 10ರಿಂದ 20 ಸಾವಿರ, ಪುರಸಭೆಗೆ 20ರಿಂದ 50 ಸಾವಿರ, ಅದಕ್ಕೂ ಮೇಲೆ 3 ಲಕ್ಷದವರೆಗೆ ನಗರಸಭೆ ಎಂದಿದೆ. ಮಡಿಕೇರಿಗೆ ನಗರಸಭೆಯ ದರ್ಜೆ ಸಿಕ್ಕಿರುವುದು ಜಿಲ್ಲಾ ಕೇಂದ್ರ ಎಂಬ ಕಾರಣಕ್ಕೆ. ದರ್ಜೆ ದೊಡ್ಡದು, ತೆರಿಗೆ ಕಟ್ಟುವ ಮನೆಗಳು ಕಡಿಮೆ. ಅಧ್ಯಕ್ಷರ ಅರ್ಧ ತಲೆನೋವು ಇಲ್ಲಿಂದಲೇ ಶುರು.

ಮೇಯರ್‌ಗೂ ಅಧ್ಯಕ್ಷರಿಗೂ ಇರುವ ವ್ಯತ್ಯಾಸ ಹೆಸರಿನದಷ್ಟೇನಾ?

ಅಲ್ಲ, ಕಾಯ್ದೆಯೇ ಬೇರೆ. ಪಾಲಿಕೆಗಳಲ್ಲಿ ದಶಕಗಳಿಂದ ನಡೆದುಬಂದದ್ದು ಒಂದು ವರ್ಷದ ಮೇಯರ್ ಅವಧಿ. ಗೌನು, ಸನ್ಮಾನ, ದಸರಾ ಮೆರವಣಿಗೆ ಮುಗಿಯುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ನಗರಸಭೆ ಅಧ್ಯಕ್ಷರಿಗೆ 30 ತಿಂಗಳು. ಐದು ವರ್ಷದ ಕೌನ್ಸಿಲ್‌ನಲ್ಲಿ ಇಬ್ಬರು ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು. ಆ ಲೆಕ್ಕದಲ್ಲಿ ಮಡಿಕೇರಿಯ ಅಧ್ಯಕ್ಷರಿಗೆ ಕೆಲಸ ಮಾಡಿ ತೋರಿಸಲು ಮೈಸೂರಿನ ಮೇಯರ್‌ಗಿಂತ ಹೆಚ್ಚು ಸಮಯ. ಹಣ ಮಾತ್ರ ಹೋಲಿಸಬೇಡಿ.

ಎರಡೂ ಕಡೆ ಸಮಾನವಾದದ್ದು ಒಂದಿದೆ: ಆಡಳಿತ ನಡೆಸುವ ಕೈ ಸರ್ಕಾರಿ ಅಧಿಕಾರಿಯದು. ಪಾಲಿಕೆಯಲ್ಲಿ ಆಯುಕ್ತರು, ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿ.

ಅಧ್ಯಕ್ಷರಾಗಲು ಮೊದಲು ಏನಾಗಿರಬೇಕು?

ವಾರ್ಡ್ ಮೆಂಬರ್. ನೇರವಾಗಿ ಜನರೇ ಅಧ್ಯಕ್ಷರನ್ನು ಆರಿಸುವ ಪದ್ಧತಿ ಇಲ್ಲಿಲ್ಲ. ವಯಸ್ಸು 21 ತುಂಬಿರಬೇಕು, ಅದೇ ನಗರಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಗರಸಭೆಗೆ ಬಾಕಿ ಇಟ್ಟುಕೊಂಡವರಿಗೆ, ನಗರಸಭೆಯ ಗುತ್ತಿಗೆಯಲ್ಲಿ ಪಾಲು ಇರುವವರಿಗೆ ಅನರ್ಹತೆಯ ತೊಡಕು ಬರುತ್ತದೆ.

ನಾಮಪತ್ರದ ಹೊತ್ತಿಗೆ ಎಡವುವುದು ಸಣ್ಣ ವಿಷಯದಲ್ಲೇ. ಮನೆಗಂದಾಯ ಕಟ್ಟಿರುತ್ತಾರೆ, ನೀರಿನ ಬಿಲ್ ಮರೆತಿರುತ್ತಾರೆ. ಸಂತೆ ಮಾರುಕಟ್ಟೆಯಲ್ಲಿ ತಂದೆಯ ಹೆಸರಿನ ಮಳಿಗೆಯನ್ನು ತಾವು ನಡೆಸುತ್ತಿರುತ್ತಾರೆ, ಅದರ ಬಾಡಿಗೆ ಬಾಕಿ ಇರುತ್ತದೆ. ಮೂರಕ್ಕೂ ಬೇಬಾಕಿ ಪತ್ರವನ್ನು ಹದಿನೈದು ದಿನ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಊರಿನ ತೋಟದ ಮನೆಯಲ್ಲಿ ಮತದಾರರ ಗುರುತಿನ ಚೀಟಿ, ವಾಸ ಮಾತ್ರ ಮಡಿಕೇರಿಯಲ್ಲಿ ಎನ್ನುವವರು ಕೊಡಗಿನಲ್ಲಿ ಬಹಳ. ಅಂಥವರು ಮೊದಲು ಹೆಸರು ವರ್ಗಾಯಿಸಿಕೊಳ್ಳದೆ ಸ್ಪರ್ಧೆಯ ಮಾತೇ ಇಲ್ಲ.

ಸಾಮಾನ್ಯವಾಗಿ ಯಾರು ಈ ಹಾದಿಯಲ್ಲಿ ಬರುತ್ತಾರೆ?

ಪಕ್ಷದ ಬೂತ್ ಕೆಲಸ, ಸಹಕಾರ ಸಂಘದ ನಿರ್ದೇಶಕ ಸ್ಥಾನ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ), ಸ್ವಸಹಾಯ ಸಂಘ, ದಸರಾ ಮೆರವಣಿಗೆಯ ಮಂಟಪ ಸಮಿತಿ: ಈ ಐದರಲ್ಲಿ ಒಂದೆರಡು ದಾಟಿಯೇ ಬಂದಿರುತ್ತಾರೆ. ಮಂಟಪ ಸಮಿತಿಯನ್ನು ಲಘುವಾಗಿ ನೋಡಬೇಡಿ. ಚಂದಾ ಎತ್ತುವುದು, ಲೆಕ್ಕ ಒಪ್ಪಿಸುವುದು, ರಾತ್ರಿಯಿಡೀ ನೂರಾರು ಹುಡುಗರನ್ನು ನಿಭಾಯಿಸುವುದು ಕಲಿತವರಿಗೆ ಕೌನ್ಸಿಲ್ ಸಭೆಯ ಗದ್ದಲ ಹೊಸದೇನಲ್ಲ.

ಮೊದಲ ಸಲ ಗೆದ್ದವರೇ ಅಧ್ಯಕ್ಷರಾಗುವುದೂ ಸಾಮಾನ್ಯ. ಅದಕ್ಕೆ ಕಾರಣ ಪ್ರತಿಭೆಗಿಂತ ಹೆಚ್ಚಾಗಿ ಮೀಸಲಾತಿ.

ಮೀಸಲಾತಿ ಹೇಗೆ ಕೆಲಸ ಮಾಡುತ್ತದೆ?

ಎರಡು ಬೇರೆ ಬೇರೆ ಪಟ್ಟಿಗಳಿವೆ, ಜನ ಇವನ್ನು ಕಲಸುತ್ತಾರೆ. ಒಂದು, ವಾರ್ಡ್‌ವಾರು ಮೀಸಲಾತಿ. ಇನ್ನೊಂದು, ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನದ ಮೀಸಲಾತಿ. ಎರಡನೆಯದನ್ನು ರಾಜ್ಯದ ಎಲ್ಲ ನಗರಸಭೆಗಳನ್ನು ಒಟ್ಟಿಗೆ ಇಟ್ಟುಕೊಂಡು ಸರದಿಯಂತೆ ಸರ್ಕಾರ ಹಂಚುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ‘ಎ’, ‘ಬಿ’, ಸಾಮಾನ್ಯ, ಪ್ರತಿಯೊಂದರಲ್ಲೂ ಅರ್ಧ ಮಹಿಳೆಯರಿಗೆ. ಹಿಂದುಳಿದ ವರ್ಗದ ಪಾಲಿನಲ್ಲಿ ಶೇ 80 ‘ಎ’ಗೆ, ಶೇ 20 ‘ಬಿ’ಗೆ. ರಾಜ್ಯದ ಪಟ್ಟಿಯಲ್ಲಿ ಪ್ರವರ್ಗ 3ಎ ಮತ್ತು 3ಬಿಯಲ್ಲಿ ಬರುವ ಸಮುದಾಯಗಳು ಇಲ್ಲಿ ‘ಬಿ’.

ಪೇಚು ಏನೆಂದರೆ, ವಾರ್ಡ್ ಚುನಾವಣೆ ನಡೆಯುವಾಗ ಅಧ್ಯಕ್ಷ ಸ್ಥಾನ ಯಾರಿಗೆ ಬರುತ್ತದೆಂದು ಖಚಿತ ಇರುವುದಿಲ್ಲ. ಬಹುಮತ ಗೆದ್ದ ಪಕ್ಷದಲ್ಲಿ ಆ ವರ್ಗದ ಒಬ್ಬ ಸದಸ್ಯರೂ ಇಲ್ಲದಿದ್ದರೆ, ಎದುರು ಪಕ್ಷದಲ್ಲಿರುವ ಒಬ್ಬರೇ ಒಬ್ಬರು ಅವಿರೋಧವಾಗಿ ಅಧ್ಯಕ್ಷರಾಗುತ್ತಾರೆ. ಕರ್ನಾಟಕದಲ್ಲಿ ಇದು ಆಗಾಗ ನಡೆಯುವ ಸಂಗತಿ. ಹಾಗಾಗಿ ಅನುಭವಿ ಮುಖಂಡರು ಟಿಕೆಟ್ ಹಂಚುವಾಗಲೇ ಪ್ರತಿ ವರ್ಗದಿಂದ ಒಬ್ಬ ಮಹಿಳೆ ಗೆಲ್ಲುವಂತೆ ನೋಡಿಕೊಳ್ಳುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ: ಸಾಮಾನ್ಯ ವಾರ್ಡಿನಲ್ಲಿ ಗೆದ್ದವರು ಮೀಸಲು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವಂತಿಲ್ಲ ಎಂಬುದು. ನಿಲ್ಲಬಹುದು. ಗೆದ್ದ ವಾರ್ಡು ಮುಖ್ಯವಲ್ಲ, ತಹಶೀಲ್ದಾರರು ಕೊಟ್ಟ ಪ್ರಮಾಣಪತ್ರ ಮುಖ್ಯ. ಅದು ಅವಧಿ ಮೀರಿದ್ದಾಗಿರಬಾರದು. ಮದುವೆಯ ನಂತರ ಹೆಸರು ಬದಲಾಗಿದ್ದರೆ ಮೊದಲೇ ಸರಿಪಡಿಸಿಕೊಳ್ಳಿ.

ಚುನಾವಣೆ ಮುಗಿದರೂ ತಿಂಗಳುಗಟ್ಟಲೆ ಅಧ್ಯಕ್ಷರೇ ಇರುವುದಿಲ್ಲವಲ್ಲ, ಯಾಕೆ?

ಮೇಲೆ ಹೇಳಿದ ಎರಡನೇ ಪಟ್ಟಿಯ ಮೇಲೆ ಹೈಕೋರ್ಟಿನಲ್ಲಿ ತಕರಾರು ಬೀಳುತ್ತದೆ. ಸರದಿ ತಪ್ಪಿದೆ, ಕಳೆದ ಸಲವೂ ಇದೇ ವರ್ಗಕ್ಕೆ ಕೊಟ್ಟಿದ್ದರು ಎಂಬಂಥ ವಾದ. ರಾಜ್ಯದ ಯಾವುದೋ ಮೂಲೆಯ ಒಂದು ಊರಿನ ಅರ್ಜಿಯಿಂದ ಎಲ್ಲರ ಆಯ್ಕೆ ನಿಲ್ಲುತ್ತದೆ. ಮಡಿಕೇರಿಯಲ್ಲೂ 2021ರ ಏಪ್ರಿಲ್‌ನಲ್ಲಿ ವಾರ್ಡ್ ಚುನಾವಣೆ ಮುಗಿದು, ಅಧ್ಯಕ್ಷರ ಆಯ್ಕೆಗೆ ತಿಂಗಳುಗಳೇ ಕಾಯಬೇಕಾಯಿತು. ಆ ನಡುವೆ ಗೆದ್ದವರು ಹೆಸರಿಗೆ ಸದಸ್ಯರು, ಕಡತ ನೋಡುವುದು ಆಡಳಿತಾಧಿಕಾರಿ. ಬೀದಿದೀಪ ಕೆಟ್ಟರೆ ಬೈಗುಳ ಮಾತ್ರ ಗೆದ್ದವರಿಗೇ.

ಆಯ್ಕೆಯ ದಿನ ಸಭಾಂಗಣದಲ್ಲಿ ಏನೇನು ನಡೆಯುತ್ತದೆ?

ಚುನಾವಣಾಧಿಕಾರಿಯಾಗಿ ಸಾಮಾನ್ಯವಾಗಿ ಉಪವಿಭಾಗಾಧಿಕಾರಿ ಬರುತ್ತಾರೆ. ದಿನಾಂಕದ ನೋಟಿಸ್ ಮೊದಲೇ ಎಲ್ಲ ಸದಸ್ಯರಿಗೆ ತಲುಪಿರಬೇಕು. ತಲುಪಿದ್ದಕ್ಕೆ ಸಹಿ ಇಲ್ಲದಿದ್ದರೆ ಇಡೀ ಆಯ್ಕೆಯನ್ನೇ ಪ್ರಶ್ನಿಸಬಹುದು. ಬೆಳಿಗ್ಗೆ ನಾಮಪತ್ರ, ಆಮೇಲೆ ಪರಿಶೀಲನೆ, ವಾಪಸಾತಿಗೆ ಒಂದಷ್ಟು ಹೊತ್ತು, ನಂತರ ಮತದಾನ. ಮತ ಹಾಕುವುದು ಕೈ ಎತ್ತಿ. ಗುಟ್ಟು ಏನೂ ಇಲ್ಲ. ಪರ ಎತ್ತಿದವರನ್ನು ಎಣಿಸಿ, ಹೆಸರು ಬರೆದು, ಸಹಿ ಹಾಕಿಸಿಕೊಳ್ಳುತ್ತಾರೆ. ಸಮ ಬಂದರೆ ಚೀಟಿ ಎತ್ತುವುದು.

ಮತ ಇರುವುದು 23 ಸದಸ್ಯರಿಗೆ ಮಾತ್ರವಲ್ಲ. ಮಡಿಕೇರಿ ಕ್ಷೇತ್ರದ ಶಾಸಕರಿಗೂ ಮೈಸೂರು–ಕೊಡಗು ಸಂಸದರಿಗೂ ಇದೆ. ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ವಿಧಾನ ಪರಿಷತ್ ಅಥವಾ ರಾಜ್ಯಸಭಾ ಸದಸ್ಯರಿದ್ದರೆ ಅವರಿಗೂ. ಶಾಸಕ, ಸಂಸದ ಇಬ್ಬರನ್ನು ಸೇರಿಸಿದರೆ 25, ಎಲ್ಲರೂ ಬಂದರೆ 13 ಕೈ ಬೇಕು. ಸರ್ಕಾರ ನಾಮಕರಣ ಮಾಡಿದ ಸದಸ್ಯರು ಸಭೆಯಲ್ಲಿ ಮಾತಾಡಬಹುದು, ಕೈ ಎತ್ತುವಂತಿಲ್ಲ.

ಪಕ್ಷ ವಿಪ್ (ಇಂಥವರಿಗೇ ಮತ ಹಾಕಬೇಕೆಂಬ ಆದೇಶ) ಕೊಟ್ಟಿದ್ದರೆ ಅದನ್ನು ಮೀರಿದವರ ಸದಸ್ಯತ್ವಕ್ಕೆ 1987ರ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆಯಡಿ ಕುತ್ತು ಬರುತ್ತದೆ. ವಿಪ್ ಬಾಯಿಮಾತಿನಲ್ಲಿ ಕೊಟ್ಟರೆ ನಡೆಯದು. ಲಿಖಿತವಾಗಿ, ಮತದಾನಕ್ಕೆ ಮೊದಲೇ, ಸ್ವೀಕರಿಸಿದ ಗುರುತಿನೊಂದಿಗೆ ಇರಬೇಕು. ‘ನಾನು ರೆಸಾರ್ಟಿನಲ್ಲಿದ್ದೆ, ವಿಪ್ ಸಿಗಲಿಲ್ಲ’ ಎನ್ನುವವರಿಗಾಗಿ ಮನೆ ಬಾಗಿಲಿಗೆ ಅಂಟಿಸಿ ಫೋಟೊ ತೆಗೆಯುವುದು ಈಗ ರೂಢಿ.

30 ತಿಂಗಳಲ್ಲಿ ನಿಜವಾಗಿ ಕೆಲಸಕ್ಕೆ ಸಿಗುವುದು ಎಷ್ಟು?

ಹೊಸದಾಗಿ ಅಧ್ಯಕ್ಷರಾದವರು ಮೊದಲ ದಿನವೇ ಕ್ಯಾಲೆಂಡರ್ ತೆಗೆದು ಹಾಕಬೇಕಾದ ಲೆಕ್ಕ ಇದು. ಮೈಸೂರಿನಲ್ಲಿ ಕೂತವರಿಗೆ ಇದು ಅರ್ಥವಾಗದು.

ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವುದು ಸಾಮಾನ್ಯ. ಜೂನ್‌ನಲ್ಲಿ ಹಿಡಿದದ್ದು ಕಕ್ಕಡದಲ್ಲಿ (ಕೊಡವರ ತಿಂಗಳು, ಜುಲೈ–ಆಗಸ್ಟ್) ಜೋರಾಗಿ, ತುಲಾ ಸಂಕ್ರಮಣ ಕಳೆದರೂ ಹನಿ ಬಿಡುವುದಿಲ್ಲ. ಒದ್ದೆ ನೆಲದ ಮೇಲೆ ಡಾಂಬರು ಹಿಡಿಯದು. ನವೆಂಬರ್ ನಡುವಿನಿಂದ ಮೇ ನಡುವಿನ ತನಕ, ಆರು ತಿಂಗಳು ಮಾತ್ರ ರಸ್ತೆ ಕೆಲಸದ ಕಾಲ. ಅದರಲ್ಲೂ ಡಿಸೆಂಬರ್‌ನಿಂದ ಫೆಬ್ರುವರಿ ಕಾಫಿ ಕುಯ್ಲು. ಕೂಲಿಯವರು ತೋಟಕ್ಕೆ ಹೋಗುತ್ತಾರೆ, ಗುತ್ತಿಗೆದಾರರಿಗೆ ಆಳು ಸಿಗುವುದಿಲ್ಲ. ಏಪ್ರಿಲ್‌ನ ಅಡ್ಡಮಳೆ ಬೇರೆ. ನಡುವೆ ವಿಧಾನಸಭೆಯೋ ಲೋಕಸಭೆಯೋ ಬಂದರೆ ನೀತಿಸಂಹಿತೆ, ಹೊಸ ಟೆಂಡರ್ ಇಲ್ಲ.

ನವೆಂಬರ್‌ನಲ್ಲಿ ಅಧಿಕಾರ ಹಿಡಿದವರಿಗೆ ಮೂರು ಬೇಸಿಗೆ ಸಿಗುತ್ತದೆ. ಆದರೆ ಮೊದಲನೆಯದು ಕಡತ ಅರ್ಥ ಮಾಡಿಕೊಳ್ಳುವುದರಲ್ಲೇ ಹೋಗುತ್ತದೆ. ಮೇ ಕೊನೆಯಲ್ಲಿ ಹಿಡಿದವರಿಗೆ ಎರಡೇ. ಆದರೂ ಎರಡನೆಯವರದೇ ಒಳ್ಳೆಯ ಅದೃಷ್ಟ ಎನ್ನಬಹುದು: ಜೂನ್‌ನಿಂದ ಅಕ್ಟೋಬರ್ ತನಕ ಐದು ತಿಂಗಳು ಅಂದಾಜು ಪಟ್ಟಿ, ಕ್ರಿಯಾಯೋಜನೆ, ಟೆಂಡರ್ ಮುಗಿಸಿಕೊಂಡು ನವೆಂಬರ್ ಮೊದಲ ವಾರ ಕಾರ್ಯಾದೇಶ ಕೊಟ್ಟರೆ ಇಡೀ ಬೇಸಿಗೆ ಕೈಯಲ್ಲಿರುತ್ತದೆ. ಮಳೆಗಾಲ ಕಾಗದದ ಕಾಲ, ಬೇಸಿಗೆ ಕಲ್ಲು–ಜಲ್ಲಿಯ ಕಾಲ. ಇದನ್ನು ತಿರುಗುಮುರುಗು ಮಾಡಿಕೊಂಡವರೇ ಜೂನ್‌ನಲ್ಲಿ ರಸ್ತೆ ಅಗೆಸಿ ಜನರ ಬಾಯಿಗೆ ಬೀಳುವವರು.

ವಾರ್ಡಿನಲ್ಲಿ ಒಂದು ಚರಂಡಿ ಆಗಲು ಎಷ್ಟು ಮೆಟ್ಟಿಲು ಹತ್ತಬೇಕು?

ಸದಸ್ಯರು ಬೇಡಿಕೆ ಕೊಡುತ್ತಾರೆ. ಜೆಇ (ಕಿರಿಯ ಎಂಜಿನಿಯರ್) ಸ್ಥಳಕ್ಕೆ ಹೋಗಿ ಅಳತೆ ತೆಗೆದು, ಲೋಕೋಪಯೋಗಿ ದರಪಟ್ಟಿಯಂತೆ ಅಂದಾಜು ಪಟ್ಟಿ ಮಾಡುತ್ತಾರೆ. ಅದು ಯಾವ ಅನುದಾನದ ಕ್ರಿಯಾಯೋಜನೆಯಲ್ಲಿ ಕೂರುತ್ತದೆಂದು ನೋಡಿ ಸಾಮಾನ್ಯ ಸಭೆಯಲ್ಲಿ ಠರಾವು. ಅಲ್ಲಿಂದ ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶದ ಮೂಲಕ ಅನುಮೋದನೆ. ಮೊತ್ತ ನೋಡಿಕೊಂಡು ತಾಂತ್ರಿಕ ಮಂಜೂರಾತಿ. ಆಮೇಲೆ ಟೆಂಡರ್, ದರ ಒಪ್ಪಿಗೆ, ಕಾರ್ಯಾದೇಶ. ಕೆಲಸವಾದ ಮೇಲೆ ಎಂ.ಬಿ., ಅಂದರೆ ಅಳತೆ ಪುಸ್ತಕದಲ್ಲಿ ದಾಖಲು, ತಪಾಸಣೆ, ಬಿಲ್. ಎಲ್ಲ ಸರಿಯಾಗಿ ನಡೆದರೆ ನಾಲ್ಕೈದು ತಿಂಗಳು.

ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದರೆ, ಸಾಮಾನ್ಯವಾಗಿ ಮೊದಲ ಮೆಟ್ಟಿಲಲ್ಲೇ. ಚರಂಡಿ ಹಾಯುವ ಜಾಗ ನಗರಸಭೆಯದ್ದೋ ಖಾಸಗಿಯದ್ದೋ ನೋಡದೆ ಅಂದಾಜು ಪಟ್ಟಿ ಮಾಡಿರುತ್ತಾರೆ. ಕೆಲಸ ಶುರುವಾದ ದಿನ ಮನೆಯವರು ಬಂದು ನಿಲ್ಲಿಸುತ್ತಾರೆ. ಬೆಟ್ಟದ ಊರಿನಲ್ಲಿ ಇನ್ನೊಂದು: ಮೇಲಿನ ಬೀದಿಯ ಚರಂಡಿ ಕಟ್ಟಿ, ಅದರ ನೀರು ಕೆಳಗಿನ ಬೀದಿಯಲ್ಲಿ ಎಲ್ಲಿಗೆ ಹೋಗುತ್ತದೆಂದು ಬರೆಯದೇ ಬಿಡುವುದು. ಇಂದಿರಾನಗರ, ಚಾಮುಂಡೇಶ್ವರಿನಗರದಂಥ ಇಳಿಜಾರು ಬಡಾವಣೆಗಳಲ್ಲಿ ಇದು ಬರೀ ತಾಂತ್ರಿಕ ತಪ್ಪಲ್ಲ. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ, ದಾರಿ ಇಲ್ಲದ ನೀರು ಮಣ್ಣಿನೊಳಗೆ ಇಳಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಾಮಗಾರಿ ಸರಿಯಿದೆಯೇ ಎಂದು ಎಂಜಿನಿಯರ್ ಅಲ್ಲದ ಅಧ್ಯಕ್ಷರು ಹೇಗೆ ನೋಡುವುದು?

ಒಂದು ಟೇಪು ಸಾಕು. ಉದಾಹರಣೆಗೆ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ರಸ್ತೆ ಎಂದು ಅಂದಾಜು ಪಟ್ಟಿಯಲ್ಲಿದ್ದರೆ 45 ಘನ ಮೀಟರ್ ಕಾಂಕ್ರೀಟ್ ಬೀಳಬೇಕು. ದಪ್ಪ 12 ಸೆಂಟಿಮೀಟರ್ ಆದರೆ 36. ಮೂರು ಸೆಂಟಿಮೀಟರ್‌ನಲ್ಲಿ ಐದನೇ ಒಂದು ಭಾಗ ಮಾಯ. ಹಾಕಿ ಮುಗಿದ ಮೇಲೆ ನೋಡಿ ಪ್ರಯೋಜನವಿಲ್ಲ, ಅಂಚಿನಲ್ಲಿ ಮಾತ್ರ ದಪ್ಪ ಕಾಣಿಸುತ್ತದೆ. ಹಾಕುವ ಹಿಂದಿನ ಸಂಜೆ ಹೋಗಿ ಅಚ್ಚಿನ ಹಲಗೆಯ ಎತ್ತರ ಅಳೆಯಿರಿ, ನಡುವೆ ದಾರ ಎಳೆದು ನೆಲ ಉಬ್ಬಿಸಿದ್ದಾರಾ ನೋಡಿ. ಹಾಕಿದ ಮರುದಿನದಿಂದ ಕನಿಷ್ಠ ಎರಡು ವಾರ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಬೇಕು. ಫೆಬ್ರುವರಿಯ ಬಿಸಿಲಲ್ಲಿ ಟ್ಯಾಂಕರ್ ಬರಲಿಲ್ಲ ಎಂಬ ನೆಪಕ್ಕೆ ರಸ್ತೆ ಮೊದಲ ಮಳೆಗೇ ಪುಡಿ ಬಿಡುತ್ತದೆ.

ತಡೆಗೋಡೆಯಾದರೆ ನೀರು ಹೊರಬರುವ ಪೈಪು ಎಣಿಸಿ. ಒಂದು–ಒಂದೂವರೆ ಮೀಟರಿಗೊಂದರಂತೆ, 3ರಿಂದ 4 ಇಂಚಿನ ಪೈಪು, ಗೋಡೆಯ ಹಿಂದೆ ಜಲ್ಲಿಯ ಪದರ. ಪೈಪು ಇದ್ದು ಹಿಂದೆ ಬರೀ ಮಣ್ಣು ತುಂಬಿದ್ದರೆ ಒಂದೇ ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತದೆ, ನೀರಿನ ಒತ್ತಡಕ್ಕೆ ಗೋಡೆ ಹೊಟ್ಟೆ ಬಿಡುತ್ತದೆ. ಗುತ್ತಿಗೆದಾರರು ಬಿಲ್ಲಿಗಾಗಿ ಅಧ್ಯಕ್ಷರ ಚೇಂಬರಿಗೆ ಬಂದಾಗ ಎಂ.ಬಿ. ಪುಟ ಕೇಳಿ, ತೋರಿಸಲು ಹಿಂದೆಮುಂದೆ ನೋಡಿದರೆ ಸ್ಥಳಕ್ಕೆ ಮತ್ತೊಮ್ಮೆ ಹೋಗಿ ಬನ್ನಿ.

ಅಧ್ಯಕ್ಷರ ಕೈಯಲ್ಲಿ ನಿಜಕ್ಕೂ ಇರುವ ಅಧಿಕಾರ ಯಾವುದು?

ಸಭೆ. ಚೆಕ್ ಅಲ್ಲ, ವರ್ಗಾವಣೆ ಅಲ್ಲ, ಪರವಾನಗಿಯ ಸಹಿಯೂ ಅಲ್ಲ. ತಿಂಗಳಿಗೊಮ್ಮೆ ಸಾಮಾನ್ಯ ಸಭೆ ಕರೆಯಬೇಕು, ಏಳು ದಿನದ ನೋಟಿಸ್ ಕೊಟ್ಟು. ತುರ್ತಿನ ವಿಶೇಷ ಸಭೆಗೆ ಮೂರು ದಿನ. ಯಾವ ವಿಷಯ ಅಜೆಂಡಾದಲ್ಲಿ ಬರಬೇಕು, ಯಾವ ಕ್ರಮದಲ್ಲಿ ಬರಬೇಕು ಎನ್ನುವಲ್ಲಿ ಅಧ್ಯಕ್ಷರ ಮಾತು ನಡೆಯುತ್ತದೆ. ಮತ ಸಮವಾದರೆ ನಿರ್ಣಾಯಕ ಮತವೂ ಅವರದು.

ಬಹುಪಾಲು ಅಧ್ಯಕ್ಷರು ಸೋಲುವುದು ಸಭಾ ನಡವಳಿಯಲ್ಲಿ. ಸಭೆಯಲ್ಲಿ ಮೂರು ಗಂಟೆ ಕೂಗಾಡಿ ‘ಒಪ್ಪಿದೆ’ ಎಂದದ್ದು, ನಡವಳಿ ಪುಸ್ತಕದಲ್ಲಿ ‘ಚರ್ಚಿಸಲಾಯಿತು’ ಎಂದು ಬಂದಿರುತ್ತದೆ. ‘ಚರ್ಚಿಸಲಾಯಿತು’ ಎಂಬ ಪದದ ಮೇಲೆ ಯಾವ ಅಧಿಕಾರಿಯೂ ಕೆಲಸ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಪ್ರತಿ ವಿಷಯ ಮುಗಿದ ಕೂಡಲೇ ಠರಾವಿನ ಒಂದು ಸಾಲನ್ನು ಗಟ್ಟಿಯಾಗಿ ಓದಿಸಿ: ಯಾವ ಕೆಲಸ, ಎಷ್ಟು ಮೊತ್ತ, ಯಾವ ಲೆಕ್ಕಶೀರ್ಷಿಕೆ, ಯಾರು, ಯಾವ ದಿನದೊಳಗೆ. ಮುಂದಿನ ಸಭೆಯ ಮೊದಲ ವಿಷಯವಾಗಿ ಹಿಂದಿನ ಠರಾವುಗಳ ಅನುಪಾಲನಾ ವರದಿ ಇಡಿಸಿ. ಇಷ್ಟು ಮಾಡಿದ ಅಧ್ಯಕ್ಷರ ಮಾತಿಗೆ ಕಚೇರಿಯಲ್ಲಿ ತೂಕ ತಾನಾಗಿ ಬರುತ್ತದೆ.

ಕಾನೂನು ಮೀರಿದ ಠರಾವನ್ನು ಜಿಲ್ಲಾಧಿಕಾರಿ ಅಮಾನತಿನಲ್ಲಿಡಬಹುದು. ಮಳಿಗೆ ಹರಾಜು ಮಾಡದೆ ಹಳೆಯ ಬಾಡಿಗೆದಾರರಿಗೇ ಮುಂದುವರಿಸುವಂಥ ಠರಾವುಗಳು ಬಿದ್ದುಹೋಗುವುದು ಹೀಗೆ.

ನಗರಸಭೆಗೆ ದುಡ್ಡು ಎಲ್ಲಿಂದ?

ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಸಂತೆ ಸುಂಕ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ ಶುಲ್ಕ: ಇವು ಸ್ವಂತದವು. ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ: ಇವು ಬರುವವು. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಮೇ–ಜೂನ್ ಹಾಗೇ, ಜುಲೈನಿಂದ ತಿಂಗಳಿಗೆ ಶೇ 2 ದಂಡ. ರಸೀದಿಯಲ್ಲಿ ಕಾಣುವ ಪೂರ್ತಿ ಮೊತ್ತ ನಗರಸಭೆಯದಲ್ಲ, ಗ್ರಂಥಾಲಯ ಮತ್ತು ಭಿಕ್ಷುಕರ ಸೆಸ್‌ನಂಥವು ಬೇರೆಡೆ ಹೋಗುತ್ತವೆ.

ಖರ್ಚಿನಲ್ಲೂ ಕಟ್ಟುಪಾಡಿದೆ. ಪರಿಶಿಷ್ಟ ಜಾತಿ–ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ಕಚೇರಿಯಲ್ಲಿ ಇವನ್ನು ಹೆಸರಿಟ್ಟು ಕರೆಯುವುದೇ ಇಲ್ಲ, ‘ಇಪ್ಪತ್ನಾಲ್ಕು ಹತ್ತು’, ‘ಏಳು ಇಪ್ಪತ್ತೈದು’ ಎನ್ನುತ್ತಾರೆ. ಮಾರ್ಚ್ ಬಂದಾಗ ಈ ಹಣ ಉಳಿದಿದ್ದರೆ ತಪ್ಪು ಅಧ್ಯಕ್ಷರದೂ ಹೌದು. ಫಲಾನುಭವಿಗಳ ಅರ್ಜಿ ಆಹ್ವಾನವನ್ನು ಆಗಸ್ಟ್‌ನಲ್ಲೇ ಮುಗಿಸಿ.

ಪ್ರವಾಸಿಗರಿಂದ ನಗರಸಭೆಗೆ ಕೋಟಿಗಟ್ಟಲೆ ಬರುತ್ತದಂತೆ?

ಬರುವುದಿಲ್ಲ. ರಾಜಾಸೀಟ್ ತೋಟಗಾರಿಕೆ ಇಲಾಖೆಯದು. ಅಬ್ಬಿ ಜಲಪಾತ ನಗರದ ಗಡಿಯಲ್ಲೇ ಇಲ್ಲ. ಹೋಂಸ್ಟೇ ನೋಂದಣಿ ಪ್ರವಾಸೋದ್ಯಮ ಇಲಾಖೆಯದು. ನಗರಸಭೆಗೆ ಉಳಿಯುವುದು ಉದ್ದಿಮೆ ಪರವಾನಗಿ, ವಾಹನ ನಿಲುಗಡೆಯ ಒಂದಷ್ಟು ಶುಲ್ಕ, ಮತ್ತು ಸೋಮವಾರ ಬೆಳಿಗ್ಗೆಯ ಕಸ.

ನೀರು, ಕಸ: ಎರಡಕ್ಕೂ ಅಧ್ಯಕ್ಷರನ್ನೇ ಬೈಯುವುದು ಸರಿಯಾ?

ಅರ್ಧ ಸರಿ. ನಗರಕ್ಕೆ ಮುಖ್ಯ ನೀರು ಕೂಟುಹೊಳೆಯಿಂದ, ಜೊತೆಗೆ ಕುಂಡಾಮೇಸ್ತ್ರಿ ಯೋಜನೆ. ಕೆಳಗಿನಿಂದ ಬೆಟ್ಟದ ಮೇಲಕ್ಕೆ ಪಂಪ್ ಮಾಡಿ ಹತ್ತಿಸಬೇಕು. ಮೂರು ಸಾವಿರ ಮಿಲಿಮೀಟರ್ ಮಳೆಯ ಊರಿನಲ್ಲಿ ಮಾರ್ಚ್‌ನಲ್ಲಿ ನೀರಿಲ್ಲ ಎಂದರೆ ಹೊರಗಿನವರು ನಂಬುವುದಿಲ್ಲ, ಆದರೆ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲವಲ್ಲ. ವಿದ್ಯುತ್ ಹೋದರೆ ಅಥವಾ ಮೋಟಾರ್ ಸುಟ್ಟರೆ ಒಂದು ದಿನದ ನೀರು ತಪ್ಪಿ, ಸರದಿ ಸರಿಹೋಗಲು ಮೂರು–ನಾಲ್ಕು ದಿನ ಹಿಡಿಯುತ್ತದೆ. ಅಧ್ಯಕ್ಷರು ಮಾಡಬಹುದಾದದ್ದು: ಬದಲಿ ಮೋಟಾರನ್ನು ಜನವರಿಯಲ್ಲೇ ರಿಪೇರಿ ಮಾಡಿಸಿ ಪಂಪ್‌ಹೌಸಿನಲ್ಲಿ ಇಡಿಸುವುದು, ವಾರ್ಡ್‌ವಾರು ನೀರು ಬಿಡುವ ವೇಳಾಪಟ್ಟಿಯನ್ನು ವಾಲ್ವ್‌ಮನ್‌ನ ತಲೆಯಿಂದ ಕಾಗದಕ್ಕೆ ಇಳಿಸುವುದು. ಎರಡನೆಯದು ಸಣ್ಣದೆನಿಸಬಹುದು. ವಾಲ್ವ್‌ಮನ್ ಒಂದು ವಾರ ರಜೆ ಹಾಕಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಕಸದ ವಿಷಯ ಜಾಗದ್ದು. ಸ್ಟುವರ್ಟ್ ಹಿಲ್‌ನಲ್ಲಿ ಸುರಿಯುವುದರ ವಿರುದ್ಧ ಅಕ್ಕಪಕ್ಕದವರ ತಕರಾರು ಇಂದು ನಿನ್ನೆಯದಲ್ಲ. ಹೊಸ ಜಾಗಕ್ಕೆ ಎಲ್ಲಿ ಹೋದರೂ ತೋಟ, ಕಾಡು, ಇಲ್ಲವೇ ಹೊಳೆಯ ತಲೆ. ಹಾಗಾಗಿ ಮನೆಯಲ್ಲೇ ಹಸಿ–ಒಣ ಬೇರೆ ಮಾಡಿಸದೆ ಬೇರೆ ದಾರಿಯಿಲ್ಲ. ಮಳೆಗಾಲದಲ್ಲಿ ಬೆರಕೆ ಕಸ ನೀರು ಕುಡಿದು ದುಪ್ಪಟ್ಟು ಭಾರವಾಗುತ್ತದೆ, ಲಾರಿ ಬಾಡಿಗೆಯೂ ಅಷ್ಟೇ.

ಮುಖ್ಯ ರಸ್ತೆಯ ಹೊಂಡಕ್ಕೆ ಮಾತ್ರ ಬೈಯುವ ಮೊದಲು ವಿಚಾರಿಸಿ. ಹೆದ್ದಾರಿ, ಲೋಕೋಪಯೋಗಿ ರಸ್ತೆಗಳು ನಗರಸಭೆಯವಲ್ಲ.

ದಸರಾಕ್ಕೂ ಅಧ್ಯಕ್ಷರಿಗೂ ಏನು ಸಂಬಂಧ?

ಮಡಿಕೇರಿ ನಗರ ದಸರಾ ಸಮಿತಿಗೆ ನಗರಸಭೆ ಅಧ್ಯಕ್ಷರೇ ಅಧ್ಯಕ್ಷರಾಗಿರುವುದು ರೂಢಿ. ಓಡಾಟದ ಹೊರೆ ಕಾರ್ಯಾಧ್ಯಕ್ಷರದು. ನಾಲ್ಕು ಶಕ್ತಿದೇವತೆಗಳ ಕರಗ ಪಂಪಿನಕೆರೆಯಿಂದ ಹೊರಡುವ ದಿನದಿಂದ ವಿಜಯದಶಮಿ ರಾತ್ರಿಯ ದಶಮಂಟಪ, ಅಂದರೆ ಹತ್ತು ಮಂಟಪಗಳ ಮೆರವಣಿಗೆ ಮುಗಿದು ಬೆಳಗಾಗುವ ತನಕ ಅಧ್ಯಕ್ಷರ ಮನೆಯವರಿಗೆ ಅವರು ಸಿಗುವುದಿಲ್ಲ. ಕರಗ ಸಾಗುವ ಬೀದಿಗಳ ಹೊಂಡ ಮುಚ್ಚಿಸುವುದು, ಮಂಟಪದ ಎತ್ತರಕ್ಕೆ ತಾಗುವ ತಂತಿ ಸರಿಸಲು ವಿದ್ಯುತ್ ನಿಗಮಕ್ಕೆ ಪತ್ರ, ಮರುದಿನ ಬೆಳಿಗ್ಗೆ ಹೆಚ್ಚುವರಿ ಪೌರಕಾರ್ಮಿಕರು: ಇವು ನಗರಸಭೆಯ ಪಾಲು. ಸರ್ಕಾರದ ಅನುದಾನ ಕೈಗೆ ಬರುವುದು ತಡವಾದರೆ ಮಂಟಪ ಸಮಿತಿಯವರು ಮೊದಲು ಫೋನ್ ಮಾಡುವುದು ಅಧ್ಯಕ್ಷರಿಗೆ.

ಮಹಿಳಾ ಅಧ್ಯಕ್ಷರಿದ್ದರೆ ಗಂಡ ಸಭೆಗೆ ಬರಬಹುದೇ?

ಇಲ್ಲ. ಸಭೆಗೂ ಇಲ್ಲ, ಚೇಂಬರಿನಲ್ಲಿ ಕಡತ ನೋಡಲೂ ಇಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ‘ಅವರ ಪರವಾಗಿ ನಾನು ಹೇಳುತ್ತೇನೆ’ ಎನ್ನುವವರಿಗೆ ಪೌರಾಯುಕ್ತರು ಉತ್ತರಿಸಬೇಕಾಗಿಲ್ಲ. ಬದಲಾವಣೆ ಬಂದಿದೆ, ಪೂರ್ತಿ ಬಂದಿಲ್ಲ.

ಅವಧಿಗೆ ಮೊದಲೇ ಅಧ್ಯಕ್ಷರನ್ನು ಇಳಿಸಬಹುದೇ?

ಅವಿಶ್ವಾಸ ಗೊತ್ತುವಳಿಯ ಮೂಲಕ. ಒಟ್ಟು ಸದಸ್ಯರ ಮೂರನೇ ಒಂದು ಭಾಗ ಸಹಿ ಹಾಕಿ, ಕನಿಷ್ಠ ಹತ್ತು ದಿನದ ನೋಟಿಸ್ ಕೊಡಬೇಕು. ಗೆಲ್ಲಲು ಒಟ್ಟು ಸಂಖ್ಯೆಯ ಮೂರನೇ ಎರಡು. ಬಂದವರ ಮೂರನೇ ಎರಡಲ್ಲ, ಒಟ್ಟಿನದು. 23ಕ್ಕೆ ಲೆಕ್ಕ ಹಾಕಿದರೆ 16, ಶಾಸಕ–ಸಂಸದರನ್ನೂ ಸೇರಿಸಿ 25ಕ್ಕೆ ಹಾಕಿದರೆ 17. ಹಾಗಾಗಿ ಬರೀ ಗೈರುಹಾಜರಿಯಿಂದಲೇ ಅಧ್ಯಕ್ಷರು ಉಳಿದುಕೊಳ್ಳಬಹುದು.

‘ಹದಿನೈದು ತಿಂಗಳು ನೀನು, ಹದಿನೈದು ತಿಂಗಳು ನಾನು’ ಎಂಬ ಒಳ ಒಪ್ಪಂದಕ್ಕೆ ಕಾನೂನಿನ ಬೆಲೆ ಇಲ್ಲ. ರಾಜೀನಾಮೆಯನ್ನು ಜಿಲ್ಲಾಧಿಕಾರಿಗೆ ಕೊಡಬೇಕು. ಪಕ್ಷದ ಮುಖಂಡರ ಜೇಬಿನಲ್ಲಿ ಮೊದಲೇ ಬರೆಸಿಟ್ಟ ಪತ್ರ ಬರೀ ಕಾಗದ.

ಅಧ್ಯಕ್ಷರಿಗೆ ಅರ್ಜಿ ಕೊಡುವುದು ಹೇಗೆ?

ಬಾಯಲ್ಲಿ ಹೇಳಿ ಬರಬೇಡಿ. ಒಂದು ಪುಟದಲ್ಲಿ ವಾರ್ಡ್ ಸಂಖ್ಯೆ, ಆಸ್ತಿಯ ಪಿಐಡಿ (ಗುರುತಿನ) ಸಂಖ್ಯೆ, ಹತ್ತಿರದ ಗುರುತು, ದಿನಾಂಕವಿರುವ ಎರಡು ಫೋಟೊ. ಎರಡು ಪ್ರತಿ ಮಾಡಿ, ಒಂದಕ್ಕೆ ಟಪಾಲಿನಲ್ಲಿ ಮೊಹರು ಹಾಕಿಸಿಕೊಂಡು ಬನ್ನಿ. ಅಧ್ಯಕ್ಷರು ಮೇಲ್ಭಾಗದಲ್ಲಿ ‘ಪರಿಶೀಲಿಸಿ’ ಎಂದು ಬರೆದು ಸಹಿ ಮಾಡುತ್ತಾರೆ. ಯಾರು ಪರಿಶೀಲಿಸಬೇಕೆಂದೂ ಬರೆಸಿಕೊಳ್ಳಿ: ಜೆಇ, ಆರ್‌ಐ (ಕಂದಾಯ ನಿರೀಕ್ಷಕ), ಹೆಲ್ತ್ ಇನ್‌ಸ್ಪೆಕ್ಟರ್. ಹೆಸರಿಲ್ಲದ ‘ಪರಿಶೀಲಿಸಿ’ ಮೂರು ಮೇಜು ತಿರುಗಿ ಮೊದಲ ಮೇಜಿಗೇ ಬರುತ್ತದೆ.

ತಿಂಗಳಾದರೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕು: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ‘ನನ್ನ ಅರ್ಜಿ ಏನಾಯಿತು’ ಎಂದು ಕೇಳಬೇಡಿ. ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಯ ನಕಲು ಕೇಳಿ.

ಅಧ್ಯಕ್ಷರಾದ ಮೇಲೆ ಮುಂದೇನು?

ಕೆಲವರು ವಿಧಾನಸಭೆಯ ಟಿಕೆಟ್ಟಿಗೆ ಪ್ರಯತ್ನಿಸುತ್ತಾರೆ. ಕೊಡಗಿನಲ್ಲಿ ಇರುವುದು ಎರಡೇ ಕ್ಷೇತ್ರ, ಮಡಿಕೇರಿ ಮತ್ತು ವಿರಾಜಪೇಟೆ. ಒಂದೊಂದರಲ್ಲೂ ಗ್ರಾಮಗಳ ಮತವೇ ಹೆಚ್ಚು, 23 ವಾರ್ಡಿನ ಹೆಸರು ಅಲ್ಲಿ ದೂರ ಹೋಗದು. ನಗರಾಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷತೆ, ನಿಗಮ–ಮಂಡಳಿ, ಸಹಕಾರ ಬ್ಯಾಂಕುಗಳ ಕಡೆ ಹೋಗುವವರೇ ಹೆಚ್ಚು. ಉಳಿದ ಅರ್ಧ ಅವಧಿಗೆ ಸಾಮಾನ್ಯ ಸದಸ್ಯರಾಗಿ ಅದೇ ಸಭಾಂಗಣದ ಎದುರು ಸಾಲಿನಲ್ಲಿ ಕೂರುವುದು ಎಲ್ಲರಿಗೂ ಕಷ್ಟ.

ಅಧಿಕಾರ ಬಿಡುವ ದಿನ ಏನು ಒಪ್ಪಿಸಬೇಕು?

ವಾಹನ, ಚೇಂಬರಿನ ಬೀಗದ ಕೈ, ತಮ್ಮ ಹತ್ತಿರ ಉಳಿದ ಕಡತಗಳು, ಅವುಗಳ ಪಟ್ಟಿಗೆ ಸ್ವೀಕೃತಿ. ಕಡತ ಕಾಣೆಯಾಗಿದೆ ಎಂಬ ಮಾತು ಎರಡು ವರ್ಷದ ನಂತರ ಎದ್ದಾಗ ಆ ಸ್ವೀಕೃತಿಯೊಂದೇ ಕೈಹಿಡಿಯುತ್ತದೆ. ಜೊತೆಗೆ ಕಾರ್ಯಾದೇಶ ಕೊಟ್ಟು ಮುಗಿಯದ ಕಾಮಗಾರಿಗಳನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನವರಿಗೆ ಕೊಡಿ: ವಾರ್ಡ್, ಮೊತ್ತ, ಎಂ.ಬಿ.ಯ ಕೊನೆಯ ದಿನಾಂಕ, ಯಾರ ತಕರಾರಿನಿಂದ ನಿಂತಿದೆ. ಬೇರೆ ಪಕ್ಷದವರಾದರೂ ಕೊಡಿ, ಆ ಚರಂಡಿಯ ಕೆಳಗಿನ ಮನೆಯವರು ಎರಡೂ ಪಕ್ಷಕ್ಕೆ ಓಟು ಹಾಕುವವರೇ.